ಶಾಖದ ವರ್ಗಾವಣೆ

ಶಿವರಾತ್ರಿಯಂದು ಚಳಿಯು ಶಿವಶಿವಾ ಎಂದು ಹೊರಟುಹೋಗುವುದೆಂಬ ಮಾತನ್ನು ಹಿರಿಯರು ನಾಡಿಗೆಲ್ಲ ಅನ್ವಯಿಸುವಂತೆ ಆಡಿರಬಹುದಾದರೂ, ನಮ್ಮ ಮಧುಗಿರಿಯ ಚಳಿಯು ಹಬ್ಬದವರೆಗೆ ಕಾಯುವಷ್ಟು ಸೌಜನ್ಯವನ್ನೂ ತೋರುವುದಿಲ್ಲ. ಬೀದಿಯ ಜಗಲಿಗಳಲ್ಲಿ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಲು ಕುಳಿತರೆಂದರೆ ಬೇಸಗೆ ಬಂದಿತೆಂದೇ ಲೆಕ್ಕ. ಆ ಹುಣಸೆಯ ಧೂಳು ನಮ್ಮ ಏಸಿಯ ಜಾಲರಿಯನ್ನು ಸೇರುವುದಕ್ಕೆ ಮುನ್ನ ಅದನ್ನು ತೊಳೆದು ಸಿದ್ಧಗೊಳಿಸಬೇಕೆಂಬುದು ಗೃಹಿಣಿಯ ಆಜ್ಞೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ನಾಲ್ಕರಲ್ಲಿಯೂ ಉಪಾಧ್ಯಾಯನಾಗಿ ತಿರುಗಿ ನಿವೃತ್ತನಾದ ನನಗೆ ಅವುಗಳ ಹವಾಮಾನವು ಭೂಗೋಳದ ಪುಸ್ತಕದಿಂದಲ್ಲದೆ ಬೆವರಿನಿಂದಲೇ ಪರಿಚಿತವಾದುದು. ಕೊರಟಗೆರೆಯಲ್ಲಿ ಸಿದ್ಧರಬೆಟ್ಟದ ಕಡೆಯ ಗಾಳಿಯಾದರೂ ಆಗಾಗ ಸುಳಿದು ಮನುಷ್ಯನ ಯೋಗಕ್ಷೇಮವನ್ನು ವಿಚಾರಿಸುತ್ತಿತ್ತು. ಶಿರಾ ಸೀಮೆಯನ್ನು 1687ರಲ್ಲಿ ತಮ್ಮ ಸುಬಾ ಮಾಡಿಕೊಂಡ ಮೊಗಲರು ಅಲ್ಲಿಯ ಬಿಸಿಲಿಗೆ ಉದ್ಯಾನದಿಂದ ಉತ್ತರ ಕೊಟ್ಟರು. ಹೈದರಾಲಿಯು ಬೆಂಗಳೂರಿನ ಲಾಲ್‌ಬಾಗನ್ನು ಮಾಡಿಸಿದುದು ಶಿರಾದ ತೋಟವನ್ನು ಕಂಡೇ ಎಂದು ಹೇಳುವರು. ಆ ತೋಟದ ಸುಖವು ನಮ್ಮ ಕಾಲದ ಉಪಾಧ್ಯಾಯರಿಗೆ ಉಳಿದಿರಲಿಲ್ಲವಾಗಿ, ನಾವು ಮಲಿಕ್ ರಿಹಾನನ ಗೋರಿಯ ದಪ್ಪ ಗೋಡೆಗಳ ನೆರಳಿನಲ್ಲಿ ನಡುಹಗಲನ್ನು ಕಳೆದು, ಸತ್ತವರ ವಾಸಸ್ಥಾನವೇ ಬದುಕಿದವರ ಶಾಲೆಗಿಂತ ತಂಪಾಗಿದೆಯಲ್ಲ ಎಂದು ನಿಟ್ಟುಸಿರಿಡುತ್ತಿದ್ದೆವು. ಇನ್ನು ಪಾವಗಡ. ಅಲ್ಲಿಗೆ ವರ್ಗವಾಯಿತೆಂದೊಡನೆ ಬಂಧುಗಳು ಅಭಿನಂದನೆಯನ್ನೂ ಸಂತಾಪವನ್ನೂ ಒಂದೇ ಮುಖದಲ್ಲಿ ಹೊತ್ತು ಬರುತ್ತಿದ್ದರು. ಈಗ ಅಲ್ಲಿಯ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ಹರಡಿ, ನಮ್ಮನ್ನು ಅಂದು ಬೇಯಿಸಿದ ಸೂರ್ಯನನ್ನೇ ಸರ್ಕಾರವು ಸೇವೆಗೆ ಸೇರಿಸಿಕೊಂಡಿದೆ. ಆತನಾದರೋ ಸಂಜೆ ಆರಕ್ಕೆ ಕಡತ ಕಟ್ಟಿ ಹೊರಟುಹೋಗುವವನು. ಏಸಿ ಬೇಕಾಗುವುದು ನಮಗೆ ರಾತ್ರಿ.

ರಾತ್ರಿಯೇ ಏಕೆಂದರೆ, ಸಮುದ್ರಮಟ್ಟದಿಂದ 3,900 ಅಡಿಗೂ ಮೇಲೆದ್ದು ನಿಂತ ನಮ್ಮ ಏಕಶಿಲಾ ಬೆಟ್ಟವು ಹಗಲೆಲ್ಲ ಬಿಸಿಲನ್ನು ಲೋಭಿಯಂತೆ ಕೂಡಿಹಾಕಿ, ಕತ್ತಲಾದ ಮೇಲೆ ದಾನಿಯಾಗುತ್ತದೆ. ಬೆಟ್ಟದ ತಪ್ಪಲಿನಲ್ಲಿ ಮನೆ ಕಟ್ಟಿದವನಿಗೆ ಆ ದಾನವನ್ನು ನಿರಾಕರಿಸುವ ಉಪಾಯವಿಲ್ಲ.

ಏಸಿಯನ್ನು ಕೊಂಡಾಗ ಅಂಗಡಿಯವನು ಅದು ಒಂದೂವರೆ ಟನ್ನಿನದೆನ್ನಲು, ನಮ್ಮ ಮಣ್ಣಿನ ಗೋಡೆ ಅಷ್ಟು ಭಾರವನ್ನು ತಡೆದೀತೆ ಎಂದು ಮನೆಯವಳು ಕಳವಳಗೊಂಡಿದ್ದಳು. ಆ ಟನ್ನು ಯಂತ್ರದ ತೂಕವಲ್ಲ. ಮಂಜುಗಡ್ಡೆಯಿಂದಲೇ ತಂಪು ಪಡೆಯುತ್ತಿದ್ದ ಕಾಲದ ಅಳತೆ. ಸುಮಾರು 1,360 ಕಿಲೋ ಮಂಜು ಒಂದು ಅಹೋರಾತ್ರಿಯಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅಷ್ಟನ್ನು ಈ ಯಂತ್ರವು ಕೋಣೆಯಿಂದ ತೆಗೆಯಬಲ್ಲುದು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬಾತನು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ಇದರ ಮೂಲಪುರುಷನನ್ನು ರೂಪಿಸಿದ್ದು ಕೆಲಸಗಾರರ ಬೆವರನ್ನು ಕಂಡು ಮರುಗಿಯಲ್ಲ. ತೇವಕ್ಕೆ ಕಾಗದ ಹಿಗ್ಗಿ ಬಣ್ಣದ ಅಚ್ಚು ಕೆಡುತ್ತಿತ್ತೆಂದು. ಕಾಗದಕ್ಕೆ ಮೊದಲು, ಮನುಷ್ಯನಿಗೆ ಆಮೇಲೆ ಎಂಬ ಈ ಕ್ರಮವು ಸರ್ಕಾರಿ ನೌಕರಿ ಮಾಡಿದವನಿಗೆ ಹೊಸತೇನೂ ಅಲ್ಲ.

ಜಾಲರಿಯನ್ನು ನಾನೇ ಬಿಚ್ಚಿ, ಬಚ್ಚಲಿನಲ್ಲಿ ತಣ್ಣೀರಿನಿಂದ ತೊಳೆದು, ನೆರಳಿನಲ್ಲಿ ಒಣಗಿಸುತ್ತೇನೆ. ಹೊರಗಿನ ಯೂನಿಟ್ಟಿಗೆ ಮಾತ್ರ ಮೆಕ್ಯಾನಿಕ್ ಬರಬೇಕು. ಆತನು ವರ್ಷವರ್ಷವೂ ಮುಚ್ಚಳವನ್ನು ತೆರೆಯುವ ಮೊದಲೇ, “ಸಾರ್, ಗ್ಯಾಸ್ ಕಮ್ಮಿ ಆಗೈತೆ” ಎನ್ನುತ್ತಾನೆ. ಮುಚ್ಚಿದ ಕೊಳವೆಯಲ್ಲಿ ಸುತ್ತುವ ಆ ಅನಿಲವು ಸೋರಿದರಲ್ಲದೆ ಕಮ್ಮಿಯಾಗದೆಂಬ ಶಾಸ್ತ್ರವನ್ನು ನಾನು ವಿವರಿಸುತ್ತೇನೆ. ಆತನು ಹಿಂದಿನ ಬೆಂಚಿನ ಹುಡುಗನ ವಿನಯದಿಂದ ಕೇಳಿ, ಕೊನೆಯಲ್ಲಿ, “ಆದ್ರೂ ಒಂದ್ಸಲ ಹಾಕ್ಸ್‌ಬಿಡಿ ಸಾರ್” ಎನ್ನುತ್ತಾನೆ. ಈ ಸಲ ಮುಚ್ಚಳ ತೆರೆದಾಗ ಒಳಗಿನ ಬೋರ್ಡಿನ ಮೇಲೆ ಹಲ್ಲಿಯೊಂದು ವಿದ್ಯುದಾಘಾತದಿಂದ ಸತ್ತು ಬಿದ್ದಿತ್ತು. ಬೋರ್ಡಿನ ಬೆಲೆಯನ್ನು ಕೇಳಿ ನಾನು ಸ್ತಬ್ಧನಾಗಿದ್ದರೆ, ಮನೆಯವಳು ಪಂಚಾಂಗವನ್ನು ತೆರೆದು ಹಲ್ಲಿ ಬಿದ್ದ ಫಲವನ್ನು ಹುಡುಕಿದಳು. ಶಿರಸ್ಸು, ಭುಜ, ಪಾದ ಎಲ್ಲಕ್ಕೂ ಫಲವಿದ್ದಿತು. ಏಸಿಯ ಬೋರ್ಡಿಗೆ ಇರಲಿಲ್ಲ. “ಧನನಷ್ಟ ಅಂತ ನೀವೇ ಬರ್ಕೊಳ್ಳಿ” ಎಂದು ನನಗೆ ಪೆನ್ನು ಕೊಟ್ಟಳು.

ಈ ಎಲ್ಲ ಸಿದ್ಧತೆಗಿಂತ ಸೂಕ್ಷ್ಮವಾದುದು ನೆರೆಮನೆಯವರೊಡನೆ ನಡೆಸಬೇಕಾದ ಸಂಧಾನ. ನಮ್ಮ ಹೊರಗಿನ ಯೂನಿಟ್ಟು ಉಸಿರು ಬಿಡುವುದು ಅವರ ದುಂಡುಮಲ್ಲಿಗೆಯ ಬಳ್ಳಿಯ ಕಡೆಗೆ. ಏಸಿಯು ತಂಪನ್ನು ಸೃಷ್ಟಿಸುತ್ತದೆಂದು ಜನರು ಭಾವಿಸುವರು. ವಾಸ್ತವವಾಗಿ ಅದು ನಮ್ಮ ಇಲಾಖೆಯು ಉಪಾಧ್ಯಾಯರಿಗೆ ಮಾಡುತ್ತಿದ್ದುದನ್ನೇ ಶಾಖಕ್ಕೆ ಮಾಡುತ್ತದೆ: ಇಲ್ಲಿಂದ ಎತ್ತಿ ಅಲ್ಲಿ ಹಾಕುತ್ತದೆ. ಅಷ್ಟೇ ಅಲ್ಲ, ಪ್ರಯಾಣಭತ್ಯೆಯೂ ಉಂಟು. ಒಂದೂವರೆ ಟನ್ನಿನ ಯಂತ್ರವು ಪೂರ್ಣ ಶಕ್ತಿಯಲ್ಲಿ ಕೋಣೆಯಿಂದ ಸುಮಾರು 5,300 ವಾಟಿನಷ್ಟು ಶಾಖವನ್ನು ಎತ್ತಿದರೆ, ಎತ್ತುವ ಶ್ರಮಕ್ಕೆ ತಾನು ತಿಂದ 1,500 ವಾಟಿನಷ್ಟು ವಿದ್ಯುತ್ತನ್ನೂ ಶಾಖವಾಗಿಸಿ ಅದರ ಜೊತೆಗೇ ಹೊರಗೆ ಕಳುಹಿಸುತ್ತದೆ. ಆದುದರಿಂದ ನಾವು ಕಳೆದುಕೊಂಡುದಕ್ಕಿಂತ ನೆರೆಯವರು ಪಡೆಯುವುದೇ ಹೆಚ್ಚು.

ನೆರೆಯ ರಾಯರು ಇಲಾಖೆಯಲ್ಲಿ ಬಹುಕಾಲ ವರ್ಗಾವಣೆಯ ಕಡತಗಳನ್ನೇ ನೋಡಿ ನಿವೃತ್ತರಾದವರು. ಲೆಕ್ಕವನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಬಾಡಿದ ಮಲ್ಲಿಗೆಯನ್ನು ನನಗೆ ಮೌನವಾಗಿ ತೋರಿಸುತ್ತಿದ್ದರು. ಯೂನಿಟ್ಟನ್ನು ತಾರಸಿಗೆ ಏರಿಸೋಣವೆಂದರೆ ತಾಮ್ರದ ಕೊಳವೆಗೆ ಅಡಿಗಿಷ್ಟೆಂದು ಲೆಕ್ಕ. ಅರ್ಧ ಖರ್ಚನ್ನು ಅವರು ವಹಿಸಲೆಂದು ನಾನೂ, ಪೂರ್ತಿ ನಾನೇ ವಹಿಸಲೆಂದು ಅವರೂ, ಮಾತು ಯುಗಾದಿಯವರೆಗೆ ಬೆಳೆಯಿತು.

ಹಬ್ಬದ ಮಾರನೆಯ ದಿನ ಅವರ ಮನೆಯ ಗೋಡೆಯಿಂದ ಡ್ರಿಲ್ಲಿನ ಸದ್ದು ಕೇಳಿ ಹೊರಗೆ ಬಂದೆನು. ನನ್ನ ಮೆಕ್ಯಾನಿಕ್ಕೇ ಏಣಿಯ ಮೇಲೆ ನಿಂತು, ನಮ್ಮ ಯೂನಿಟ್ಟಿಗೆ ನೇರ ಎದುರಾಗಿ, ಅವರ ಹೊಸ ಏಸಿಯ ಯೂನಿಟ್ಟನ್ನು ಕೂರಿಸುತ್ತಿದ್ದನು. ರಾಯರು ಕೆಳಗೆ ನಿಂತು ನನ್ನನ್ನು ಕಂಡು ಕೈಮುಗಿದರು.

“ಪರಸ್ಪರ ವರ್ಗಾವಣೆ, ಮೇಷ್ಟ್ರೇ. ಇಬ್ಬರೂ ಒಪ್ಪಿದರೆ ನಿಯಮದಲ್ಲಿ ಅಡ್ಡಿಯಿಲ್ಲ.”

ಬಿಸಿಗಾಳಿಯನ್ನು ಎದುರಿಸಿ ಶಾಖ ಚೆಲ್ಲಬೇಕಾದ ಎರಡು ಯಂತ್ರಗಳೂ ಹೆಚ್ಚು ವಿದ್ಯುತ್ತನ್ನು ತಿನ್ನುವುವೆಂದು ನಾನು ಹೇಳಲು ಬಾಯ್ದೆರೆಯುವಷ್ಟರಲ್ಲಿ ಏಣಿಯ ಮೇಲಿನಿಂದ ಮೆಕ್ಯಾನಿಕ್, ಬರೋ ವರ್ಷ ಎರಡಕ್ಕೂ ಒಟ್ಟಿಗೇ ಗ್ಯಾಸ್ ಹಾಕಿದರೆ ಇನ್ನೂರು ರೂಪಾಯಿ ಬಿಡುವುದಾಗಿ ತಿಳಿಸಿದನು.