ತಾರ್ನಾಕದ ಕೋಡ್ ಕಾಕಾ

ಐವತ್ತು ದಾಟಿದರೂ ಮ್ಯಾನೇಜರ್ ಆಗದೆ, ಸ್ವಂತ ಕೈಯಿಂದ ಪ್ರೋಗ್ರಾಮ್ ಬರೆದೇ ಸಂಬಳ ಎಣಿಸುವ ಹೈದರಾಬಾದಿ ಕನ್ನಡಿಗನಿಗೆ ಕೋಡ್ ಕಾಕಾ ಎನ್ನಬಹುದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಿನ ತಾರ್ನಾಕ ಇವನ ನೆಲೆ. ಮೂಲ ಕಲಬುರಗಿ, ಬೀದರ್ ಅಥವಾ ರಾಯಚೂರು. 1956ರ ನವೆಂಬರ್‌ವರೆಗೆ ಆ ಕಡೆಯವರಿಗೆ ಹೈದರಾಬಾದೇ ರಾಜಧಾನಿ. ಆಮೇಲೆ ನಕ್ಷೆ ಬದಲಾಯಿತು, ನೌಕರಿ ಹುಡುಕಿ ಹೊರಟವರ ದಾರಿ ಬದಲಾಗಲಿಲ್ಲ: ಬೀದರಿನಿಂದ ಬೆಂಗಳೂರು ಸುಮಾರು 700 ಕಿ.ಮೀ., ಹೈದರಾಬಾದ್ 140ರ ಆಸುಪಾಸು. ಕಾಕಾನ ಅಪ್ಪ ರೈಲ್ವೆಯಲ್ಲೋ ವಿಶ್ವವಿದ್ಯಾಲಯದಲ್ಲೋ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲೋ ಇದ್ದವರು. ಕೆಲಸಕ್ಕೆ ಹತ್ತಿರವೆಂದು ಇಲ್ಲಿ ಮನೆ ಮಾಡಿದರು.

ಆಗ ಕಂಪ್ಯೂಟರ್ ಕೂಡ ಊರಿನ ಇದೇ ದಿಕ್ಕಿನಲ್ಲಿತ್ತು. 1967ರಲ್ಲಿ ಹುಟ್ಟಿದ ಇಸಿಐಎಲ್ ಎಂಬ ಸರ್ಕಾರಿ ಕಂಪನಿ ಕುಷಾಯಿಗುಡದಲ್ಲಿ ಟಿಡಿಸಿ-316ರಂಥ ಸ್ವದೇಶಿ ಯಂತ್ರ ಕಟ್ಟುತ್ತಿತ್ತು. ಕಾಕಾ ಓದು ಮುಗಿಸುವ ಹೊತ್ತಿಗೆ ಕಂಪ್ಯೂಟರ್ ಕೆಲಸ ಪಡುವಣಕ್ಕೆ ಗುಳೆ ಹೊರಟಿತು. 1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು, ಬಂಡೆ ತುಂಬಿದ ಆ ಬಯಲಿಗೆ ಹೈಟೆಕ್ ಸಿಟಿ ಎಂದು ಹೆಸರಾಯಿತು, ಮನೆ ಮಾತ್ರ ತಾರ್ನಾಕದಲ್ಲೇ ಉಳಿಯಿತು. ಅಂದಿನಿಂದ ಕಾಕಾ ಊರನ್ನು ಅಡ್ಡ ಸೀಳಿಕೊಂಡು ಓಡಾಡುತ್ತಿದ್ದಾನೆ. ಮೊದಲು ಸಿಟಿ ಬಸ್ಸು. 2003ರಿಂದ ಸಿಕಂದರಾಬಾದಿನ ಎಂಎಂಟಿಎಸ್ ರೈಲು. 2017ರಲ್ಲಿ ಅಮೀರ್‌ಪೇಟೆವರೆಗೆ ಮೆಟ್ರೊ. 2019ರ ನವೆಂಬರ್‌ನಲ್ಲಿ ಅದೇ ನೀಲಿ ಮಾರ್ಗ ರಾಯದುರ್ಗಂ ಮುಟ್ಟಿ, ತಾರ್ನಾಕದಲ್ಲಿ ಹತ್ತಿದವನು ಆಫೀಸಿನ ಹತ್ತಿರವೇ ಇಳಿಯುವ ಕಾಲ ಬಂತು. ನಾಲ್ಕು ತಿಂಗಳಲ್ಲಿ ಕೊರೊನಾ ಬಂದು ಆಫೀಸೇ ಮನೆಗೆ ಬಂತು. ಈಗ ವಾರಕ್ಕೆ ಮೂರು ದಿನ ಮತ್ತೆ ಹೋಗಬೇಕು. ನಾಗೋಲಿನಿಂದ ಹೊರಟ ರೈಲಿಗೆ ತಾರ್ನಾಕ ಆರನೆಯ ನಿಲ್ದಾಣ. ಬೆಳಿಗ್ಗೆ ಅಲ್ಲಿ ಸೀಟು ಸಿಕ್ಕಿದ ಕಾಕಾ ಇನ್ನೂ ಕಂಡಿಲ್ಲ.

ಕಾಕಾ ತಯಾರಾದದ್ದು ಅಮೀರ್‌ಪೇಟೆಯಲ್ಲಿ, ಮೈತ್ರಿವನಂ ಸುತ್ತಲಿನ ಕೋಚಿಂಗ್ ಕೋಣೆಗಳಲ್ಲಿ. ಪರದೇಶದ ಬ್ಯಾಂಕುಗಳು ತಮ್ಮ ಹಳೆಯ ಪ್ರೋಗ್ರಾಮ್‌ಗಳಲ್ಲಿ ವರ್ಷಕ್ಕೆ ಎರಡೇ ಅಂಕಿ ಬರೆದು ಜಾಗ ಉಳಿಸಿದ್ದವು. 99 ಆದಮೇಲೆ 00 ಬಂದರೆ ಯಂತ್ರ ಅದನ್ನು 1900 ಎಂದು ತಿಳಿದು ಬಡ್ಡಿಯನ್ನು ಹಿಂದಕ್ಕೆ ಎಣಿಸೀತೆಂಬ ಭಯ ಶುರುವಾಯಿತು. ಆ ಪುಣ್ಯದಿಂದ, 1959ರಲ್ಲಿ ರೂಪುಗೊಂಡು ತನಗಿಂತ ವಯಸ್ಸಾದ ಕೋಬಾಲ್ ಭಾಷೆಯನ್ನು ಕಾಕಾ ಕೆಲವೇ ತಿಂಗಳಲ್ಲಿ ಕಲಿತ, ಸಾವಿರಾರು ಸಾಲು ತಡಕಾಡಿ ಎರಡಂಕಿಯನ್ನು ನಾಲ್ಕಂಕಿ ಮಾಡಿದ. 2000ದ ಜನವರಿ 1ರಂದು ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸುಮ್ಮನೆ ಗದ್ದಲ ಎಬ್ಬಿಸಿದರು ಎಂದು ಲೋಕ ಆಡಿಕೊಂಡಿತು. ಏನೂ ಆಗದಿರಲೆಂದೇ ರಾತ್ರಿ ಹಗಲು ದುಡಿದವರನ್ನು ಯಾರೂ ಕೇಳಲಿಲ್ಲ.

ಕಾಕಾನ ಇಡೀ ವೃತ್ತಿ ಆಮೇಲೆ ಇದೇ ಧಾಟಿಯಲ್ಲಿ ನಡೆದಿದೆ. ಏನೂ ಆಗದಂತೆ ನೋಡಿಕೊಳ್ಳುವುದು ಅವನ ಕಸುಬು. ಏನಾಯಿತು ಎಂದು ಕೇಳುವುದು ಅಪ್ರೈಸಲ್ ಫಾರ್ಮಿನ ಕಸುಬು. ಶುಕ್ರವಾರ ಸಂಜೆ ಅವಸರದಲ್ಲಿ ಹೊಸ ಕೋಡ್ ಏರಿಸಿ, ಎಲ್ಲ ಕೆಡಿಸಿ, ಶನಿವಾರ ಬೆಳಗಿನವರೆಗೆ ಕೂತು ಸರಿಪಡಿಸಿದವನಿಗೆ ಸ್ಟಾರ್ ಪ್ರಶಸ್ತಿ, ಗಿಫ್ಟ್ ಕಾರ್ಡು. ಕಾಕಾ ಶುಕ್ರವಾರ ಏನನ್ನೂ ಏರಿಸುವುದಿಲ್ಲ. ಅವನ ಪ್ರೋಗ್ರಾಮ್ ರಾತ್ರಿ ಮಲಗುತ್ತದೆ, ಅವನೂ ಮಲಗುತ್ತಾನೆ, ಫಾರ್ಮಿನಲ್ಲಿ "ನಿರೀಕ್ಷೆಗೆ ತಕ್ಕಂತೆ" ಎಂದು ಬರುತ್ತದೆ. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಇಲ್ಲವೆಂದು ಅವನ ನಂಬಿಕೆ, ಅಷ್ಟೇನೂ ತಪ್ಪಲ್ಲದ ನಂಬಿಕೆ.

ನೆಂಟರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟ. ಮದುವೆಯ ಊಟದ ಪಂಕ್ತಿಯಲ್ಲಿ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಲ್ಲಿ ಪ್ರಶ್ನೆ ಒಂದೇ: "ನಿಮ್ಮ ಕೈಕೆಳಗ ಎಷ್ಟ ಮಂದಿ ಅದಾರ್ರೀ?" ಕಾಕಾನ ಉತ್ತರವೂ ಒಂದೇ: "ಕೈಕೆಳಗ ಕೀಬೋರ್ಡ್ ಅದರೀ." ಕೇಳಿದವರು ನಕ್ಕು, ಮನಸ್ಸಿನಲ್ಲೇ ಅವನ ಸಂಬಳ ಅರ್ಧಕ್ಕಿಳಿಸುತ್ತಾರೆ. ಹಾಗೆಂದು ಅವನಿಗೆ ಮ್ಯಾನೇಜರಿಕೆ ಬಂದೇ ಇಲ್ಲವೆಂದಲ್ಲ. ಒಮ್ಮೆ ಬಂತು. ವರ್ಷವಿಡೀ ಹತ್ತು ಹುಡುಗರ ರಜೆ ಚೀಟಿಗೆ ಸಹಿ ಹಾಕಿ, ಎಕ್ಸೆಲ್ ಹಾಳೆಗೆ ಹಸಿರು ಕೆಂಪು ಬಳಿದು, ಯಾರಿಗೂ ಹೇಳದೆ ರಾತ್ರಿ ಕದ್ದು ಕೋಡ್ ಬರೆಯುತ್ತಿದ್ದುದು ಬಯಲಾಗಿ ವಾಪಸು ಬಂದ. ತಾಂತ್ರಿಕ ಮಂದಿಗೆ ಬೇರೆಯೇ ಏಣಿ ಇದೆಯೆಂದು ಎಚ್‌ಆರ್ ಹೇಳುತ್ತದೆ. ಏಣಿ ಇದೆ, ನಿಜ. ಮೇಲಿನ ಮೆಟ್ಟಿಲುಗಳ ಮೇಲೆ ಧೂಳು ಕೂತಿದೆ.

ಕಲಿಕೆಯ ವಿಷಯದಲ್ಲಿ ಕಾಕಾ ಸೋಮಾರಿ ಎಂದು ಹೊಸಬರಿಗೆ ಅನಿಸುತ್ತದೆ. ಹೊಸ ಫ್ರೇಮ್‌ವರ್ಕ್ ಬಂದರೆ ಅವನು ಎರಡು ವರ್ಷ ತಡೆದು ಕಲಿಯುತ್ತಾನೆ. ಅಷ್ಟರಲ್ಲಿ ಅರ್ಧದಷ್ಟು ತಾವೇ ಸತ್ತು ಶ್ರಮ ಉಳಿಸಿರುತ್ತವೆ. 2007ರಲ್ಲಿ ಮೈಕ್ರೋಸಾಫ್ಟ್ ಸಿಲ್ವರ್‌ಲೈಟ್ ತಂದಾಗ ಅಮೀರ್‌ಪೇಟೆಯ ಗೋಡೆಗಳೂ ಕಾಕಾನನ್ನು ಕರೆದವು. ಅವನು ಹೋಗಲಿಲ್ಲ. 2021ರಲ್ಲಿ ಕಂಪನಿಯೇ ಅದರ ಕೈಬಿಟ್ಟಿತು. ಆದರೆ 1970ರಲ್ಲಿ ಕಾಡ್ ಎಂಬ ಗಣಿತಜ್ಞ ಪ್ರಕಟಿಸಿದ ಕೋಷ್ಟಕ ಸಿದ್ಧಾಂತ, ಅದರಿಂದ ಹುಟ್ಟಿದ ಎಸ್‌ಕ್ಯೂಎಲ್, ನೆಟ್‌ವರ್ಕಿನ ಒಳಹೂರಣ, ಇವುಗಳ ಮೇಲೆ ಖರ್ಚು ಮಾಡಿದ ಒಂದು ದಿನವೂ ಅವನಿಗೆ ನಷ್ಟವಾಗಿಲ್ಲ. ಬಹಳ ದಿನ ಕೆಡದಿರುವುದು ಅವನು ಮೆಚ್ಚುವ ಗುಣ. ಡ್ರಾಯರಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇಡುವುದೂ ಅದಕ್ಕೇ.

ಅವನ ನಿಜವಾದ ಬಂಡವಾಳ ಭಾಷೆಗಳದ್ದಲ್ಲ, ವ್ಯವಹಾರದ್ದು. ಸಂಬಳದ ಪ್ರೋಗ್ರಾಮ್ ನೋಡಿಕೊಳ್ಳುವ ಕಾಕಾಗೆ ಗ್ರಾಚ್ಯುಟಿಯ ನಿಯಮ ಬಾಯಿಪಾಠ. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ, ಕೊನೆಯಲ್ಲಿ ಆರು ತಿಂಗಳು ಮೀರಿದರೆ ಪೂರ್ತಿ ವರ್ಷ. ಭಾಲ್ಕಿಯಿಂದ ಬಂದ ಹೊಸ ಹುಡುಗ 30ರಿಂದ ಭಾಗಿಸುತ್ತಾನೆ. ಕೋಡ್ ಚೆಂದವಾಗಿ ಓಡುತ್ತದೆ, ಪರೀಕ್ಷೆಯೂ ಪಾಸಾಗುತ್ತದೆ, ನಿವೃತ್ತರ ದುಡ್ಡು ಮಾತ್ರ ಕಡಿಮೆಯಾಗುತ್ತದೆ. "ಕಾಕಾ, ಇದು ನಿಮಗ ಹೆಂಗ ಗೊತ್ತಾತ್ರಿ?" ಎಂದರೆ, "ಹಿಂದೊಬ್ಬ 30 ಹಾಕಿದ್ದ ತಮ್ಮಾ, ಅವ ಈಗ ವೈಸ್ ಪ್ರೆಸಿಡೆಂಟ್" ಎಂಬ ಉತ್ತರ. ಆ ಹುಡುಗನೂ ಎರಡು ವರ್ಷಕ್ಕೊಮ್ಮೆ ಕಂಪನಿ ಹಾರಿ, ಬೇಗನೆ ಕಾಕಾನಿಗಿಂತ ಹೆಚ್ಚು ಸಂಬಳಕ್ಕೆ ಏರುತ್ತಾನೆ. ಹಾರುವ ಮುನ್ನ ಐದು ವರ್ಷ ತುಂಬದಿದ್ದರೆ ಗ್ರಾಚ್ಯುಟಿ ಇಲ್ಲವೆಂದು ಕಾಕಾ ಹೇಳಿಯೇ ಇರುತ್ತಾನೆ.

ಈಚೆಗೆ ಕೋಡ್ ಬರೆಯುವ ಯಂತ್ರ ಬಂದಿದೆ. ಕಾಕಾ ಅದನ್ನು ಹೊಸ ಹುಡುಗನಂತೆಯೇ ನಡೆಸಿಕೊಳ್ಳುತ್ತಾನೆ: ಕೆಲಸ ಒಪ್ಪಿಸುತ್ತಾನೆ, ಬರೆದದ್ದನ್ನು ಸಾಲು ಸಾಲಾಗಿ ಓದುತ್ತಾನೆ, ಯಾಕೆ ಎಂದು ಕೇಳುತ್ತಾನೆ. ಕೇಳಿದ ಕೂಡಲೇ ಅದು ಬಹಳ ವಿನಯದಿಂದ ತಪ್ಪು ಒಪ್ಪಿ, ಇನ್ನೊಂದು ತಪ್ಪು ಮಾಡುತ್ತದೆ. ಆದರೂ ಅದರ ಒಂದು ಗುಣಕ್ಕೆ ಕಾಕಾ ಪೂರ್ತಿ ಅಂಕ ಕೊಟ್ಟಿದ್ದಾನೆ: ಕಲಿಸಿ ಮುಗಿಸಿದ ದಿನ ಅದು ನೋಟಿಸ್ ಕೊಡುವುದಿಲ್ಲ.

ಮೊದಲ ಸಾಲಿನ ಕಾಕಾಗಳು ಈಗ ನಿವೃತ್ತಿಗೆ ಬಂದಿದ್ದಾರೆ. ಗೊತ್ತಿರುವುದನ್ನೆಲ್ಲ ಬಿಟ್ಟುಕೊಡಲು ಕಂಪನಿ ಒಂದು ತಿಂಗಳ ಕೆಟಿ, ಅಂದರೆ ನಾಲೆಜ್ ಟ್ರಾನ್ಸ್‌ಫರ್, ಗೊತ್ತುಮಾಡುತ್ತದೆ. ಕಾಕಾ ಎಲ್ಲವನ್ನೂ ಬರೆದೇ ಇಟ್ಟಿರುವುದರಿಂದ ಅದು ಮೂರು ದಿನಕ್ಕೆ ಮುಗಿದು, ಉಳಿದ ದಿನ ಕ್ಯಾಂಟೀನಿನಲ್ಲಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಕೊನೆಯ ದಿನ ಅಂತಿಮ ಲೆಕ್ಕದ ಚೀಟಿ ಕೈಗೆ ಬರುತ್ತದೆ. ತಾನೇ ಬರೆದ ಪ್ರೋಗ್ರಾಮ್ ಹಾಕಿದ ಲೆಕ್ಕವಾದರೂ ಕಾಕಾ ಪೆನ್ನು ತೆಗೆದು, ಚೀಟಿಯ ಬೆನ್ನ ಮೇಲೆ 15ರಿಂದ ಗುಣಿಸಿ, 26ರಿಂದ ಭಾಗಿಸಿ, ಗ್ರಾಚ್ಯುಟಿಯ 20 ಲಕ್ಷದ ಮಿತಿಯನ್ನೂ ನೋಡಿ, ಆಮೇಲೆ ಸಹಿ ಹಾಕುತ್ತಾನೆ.