ಹೊಸ ಧಂದೆಯ ಮಿತಾಕ್ಷರಾ: ಖಜೂರಿ ಪಾಠ

ಕಲಬುರಗಿ ಸೀಮೆ ಲೋಕಕ್ಕೆ ಎರಡು ಶಾಸ್ತ್ರ ಕೊಟ್ಟಿದೆ. ಒಂಬತ್ತನೆಯ ಶತಮಾನದಲ್ಲಿ ಮಳಖೇಡದ ನೃಪತುಂಗನ ಆಸ್ಥಾನದಿಂದ ಹೊರಟ ‘ಕವಿರಾಜಮಾರ್ಗ’ ಕಾವ್ಯ ಕಟ್ಟುವ ಬಗೆ ಹೇಳಿತು. ಮರತೂರಿನವನೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುವ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದು ಅಪ್ಪನ ಆಸ್ತಿ ಪಾಲು ಮಾಡುವ ಬಗೆ ಹೇಳಿದ. ಪಾಲಾದ ಮೇಲೆ ಕೈಗೆ ಬಂದ ಒಂದೂವರೆ ಎಕರೆ ತೊಗರಿ ಹೊಲದಲ್ಲಿ ಹೊಟ್ಟೆ ತುಂಬದೆ, ಧಂದೆ ಹಚ್ಚಲು ಹೊರಟವರ ಎದೆ ಡವಡವ ಅಂದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಇಬ್ಬರೂ ಬರೆಯಲಿಲ್ಲ. ಆ ಕೊರತೆಯನ್ನು ಆಳಂದ ತಾಲ್ಲೂಕಿನ ಖಜೂರಿಯಲ್ಲಿ ಕೂತು, ಮಂದಿಯ ರೊಕ್ಕದಲ್ಲಿ ಚಹಾ ಕುಡಿಯುತ್ತ, ಪ್ರಸ್ತುತ ಪ್ರಬಂಧಕಾರನು ತುಂಬಿಕೊಡುತ್ತಿದ್ದಾನೆ.

ಮೊದಲು ಪರಿಭಾಷೆ. ಬೆಂಗಳೂರಿನವರು ‘ಕ್ಲೈಂಟ್’ ಅನ್ನುವವರಿಗೆ ನಮ್ಮಲ್ಲಿ ‘ಗಾಬರಿ ಆದವರು’ ಎನ್ನುತ್ತಾರೆ. ‘ಕೋಚ್’ ಎಂಬುದಕ್ಕೆ ಬೇರೆ ಶಬ್ದ ಬೇಕಾಗಿಲ್ಲ. ಅಗಸಿ ಕಟ್ಟಿಯ ಮೇಲೆ ಕೂತವರೆಲ್ಲ ಅದೇ. ತಿಳಿವಳಿಕೆ ಸಾಲದ್ದಕ್ಕೆ ಗಾಬರಿ ಹುಟ್ಟುತ್ತದೆ ಎಂಬುದು ಪೂರ್ವಪಕ್ಷ. ಹೆಚ್ಚಾದದ್ದಕ್ಕೆ ಎಂಬುದು ನಮ್ಮ ಸಿದ್ಧಾಂತ. ಪ್ರಮಾಣ, ಇನ್ನೂರು ಪುಟದ ಒಂದು ನೋಟ್‌ಬುಕ್.

ಅದು ನಮ್ಮ ಓಣಿಯ ಹೆಣ್ಣುಮಗಳೊಬ್ಬಳದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾರಬೇಕು ಅಂತ ಆಕೆಯ ಮನಸ್ಸಿಗೆ ಬಂದದ್ದು ದೀಪಾವಳಿಗೆ. ಯುಗಾದಿಯ ಹೊತ್ತಿಗೆ ನೋಟ್‌ಬುಕ್ ಅರ್ಧ ತುಂಬಿತ್ತು, ಒಂದು ರೊಟ್ಟಿಯೂ ಮಾರಿರಲಿಲ್ಲ. ಮೊದಲ ಪುಟದಲ್ಲಿ ಅರಿಷಿಣ ಹಚ್ಚಿ ‘ಶ್ರೀ’. ಎರಡನೆಯದರಲ್ಲಿ ಹನ್ನೊಂದು ಹೆಸರು, ಒಂಬತ್ತಕ್ಕೆ ಕಾಟು. ಮೂರರಿಂದ ಎಂಟು ಲೋಗೋ: ಒಮ್ಮೆ ಜೋಳದ ತೆನೆ, ಒಮ್ಮೆ ಒಲೆ, ಒಮ್ಮೆ ಬಹುಶಃ ಆಕಳು. ಮುಂದೆ ಕಟ್ಟಿಯ ಪಂಡಿತರು ಹೇಳಿದ್ದೆಲ್ಲ.

ಈ ಪಂಡಿತರಲ್ಲಿ ಧಂದೆ ಮಾಡಿ ಮುಳುಗಿದವನೇ ಗಟ್ಟಿಯಾಗಿ ಮಾತಾಡುತ್ತಾನೆ. ಎಂದೂ ಮಾಡದವನು ಲೆಕ್ಕ ಹಾಕಿ ತೋರಿಸುತ್ತಾನೆ. ಮಾಡಿ ಗೆದ್ದವನಿಗೆ ಕಟ್ಟಿಗೆ ಬರಲು ಪುರುಸೊತ್ತಿಲ್ಲ. ಒಂದು ಸಂಜೆ ಪೂರ್ತಿ ಜಿಎಸ್‌ಟಿಯ ಮೇಲೆ ಜಿಜ್ಞಾಸೆ ನಡೆಯಿತು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಅದರ ನೋಂದಣಿ ಬೇಕಿಲ್ಲ. ಹತ್ತು ರೂಪಾಯಿಗೊಂದರಂತೆ ಆಕೆ ದಿನಕ್ಕೆ ಸಾವಿರದ ಮೇಲೆ ರೊಟ್ಟಿ ಬಡಿದು, ವರ್ಷಕ್ಕೆ ನಾಲ್ಕು ಲಕ್ಷ ಮಾರಿದರೆ ಆ ಗೆರೆ ಮುಟ್ಟುತ್ತಾಳೆ. ಆದರೂ ಆ ರಾತ್ರಿ ಆಕೆಗೆ ನಿದ್ದಿ ಹತ್ತಲಿಲ್ಲ.

ಮರುದಿನ ಸಾಲಕಾಂಡ. 2015ರ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗೆ ‘ಶಿಶು’, 5 ಲಕ್ಷದವರೆಗೆ ‘ಕಿಶೋರ’, 10 ಲಕ್ಷದವರೆಗೆ ‘ತರುಣ’. ನಮ್ಮ ಹಿರಿಯರ ಪ್ರಕಾರ ತರುಣನಾದ ಮೇಲೆ ಗೃಹಸ್ಥನಾಗಬೇಕು. 2024ರಿಂದ ಬ್ಯಾಂಕಿನಲ್ಲಿ ಮಾತ್ರ, ತರುಣ ಸಾಲ ತೀರಿಸಿದವನು 20 ಲಕ್ಷದ ‘ತರುಣ ಪ್ಲಸ್’ ಆಗುತ್ತಾನೆ. ಸಾಲಕ್ಕೆ ಮುಪ್ಪಿನ ಹಂತವಿಲ್ಲ. ಅದನ್ನು ಸಾಲಗಾರನೇ ಪೂರೈಸುತ್ತಾನೆ.

ವಿದೇಶಿ ವಿದ್ವಾಂಸರನ್ನು ಕರೆಯದ ಪ್ರಬಂಧಕ್ಕೆ ಬೆಲೆಯಿಲ್ಲವಾದ್ದರಿಂದ ಹಾರ್ವರ್ಡಿನ ಡೇವಿಡ್ ಮೆಕ್ಲೆಲಂಡ್ ಸಾಹೇಬರನ್ನು ಕರೆಯೋಣ. ಅವರು 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿನಲ್ಲಿ ಕೂಡಿಸಿ, ಸಾಧಿಸುವ ಹಂಬಲವನ್ನು ಕಲಿಸಲು ಬರುತ್ತದೆಯೇ ಎಂದು ನೋಡಿದವರು. ಅವರ ಸಂಪ್ರದಾಯದಲ್ಲಿ ರಿಂಗನ್ನು ಗೂಟಕ್ಕೆ ಎಸೆಯುವ ಆಟವೊಂದಿದೆ. ಎಷ್ಟು ದೂರ ನಿಲ್ಲಬೇಕು ಎಂಬುದು ಆಡುವವರ ಮರ್ಜಿ. ಧಂದೆ ಕುದುರಿಸುವ ಜಾತಿಯವರು ಗೂಟದ ಮೂಗಿಗೂ ನಿಲ್ಲುವುದಿಲ್ಲ, ಊರಾಚೆಗೂ ಹೋಗುವುದಿಲ್ಲ. ತುಸು ಕಷ್ಟವಾಗುವಷ್ಟು ದೂರ ನಿಲ್ಲುತ್ತಾರೆ. ಧಂದೆ ಕಲಿಸುವವರು ನಮ್ಮಲ್ಲೂ ಇದ್ದಾರೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರೂ ಎರಡು ಬ್ಯಾಂಕುಗಳೂ ಕೂಡಿ ತೆರೆದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಗೂ ಊಟ-ವಸತಿ ಸಹಿತ ಪುಕ್ಕಟೆ ತರಬೇತಿ ಸಿಗುತ್ತದೆ. ನಮ್ಮ ಕಟ್ಟಿಯ ತರಬೇತಿಯೂ ಪುಕ್ಕಟೆಯೇ, ಊಟ ಮಾತ್ರ ಗಾಬರಿಯಾದವರ ಮನೆಯಲ್ಲಿ.

ಕಟ್ಟಿಯವರು ಆಕೆಯನ್ನು ಎಲ್ಲಿ ನಿಲ್ಲಿಸಿದ್ದರೆಂದರೆ, ಒಬ್ಬ ‘ಸೋಲಾಪುರಕ್ಕ ಗಾಡಿ ಲೋಡ್ ಕಳಸು’ ಅಂದ; ಇನ್ನೊಬ್ಬ ‘ಮನ್ಯಾಗ ಉಂಡು ಸುಮ್ಕಿರು’ ಅಂದ. ಗೂಟ ಎಲ್ಲಿದೆ ಎಂದು ಯಾರೂ ತೋರಿಸಲಿಲ್ಲ. ಪ್ರಬಂಧಕಾರನೂ ತೋರಿಸಲಿಲ್ಲ, ಅವನು ಆಗ ಲೋಗೋದ ಆಕಳಿಗೆ ಕೋಡು ಬರೆಯುತ್ತಿದ್ದ.

ಆಗ ಬಾಜು ಮನೆಯ ಆಯಿ ಬಂದಳು. ಓದು ಬರಹ ಇಲ್ಲದ್ದರಿಂದ ನೋಟ್‌ಬುಕ್ಕಿನ ಬಾಧೆ ಆಕೆಗೆ ತಟ್ಟಿರಲಿಲ್ಲ.

‘ಯಾಕವ್ವಾ, ಮಾರಿ ಸಣ್ಣದ ಮಾಡ್ಕೊಂಡು ಕುಂತಿದಿ?’

‘ಎಲ್ಲಿಂದ ಸುರು ಮಾಡ್ಬೇಕು ತಿಳಿವಲ್ದು ಆಯಿ.’

‘ಡಬ್ಬ್ಯಾಗ ಹಿಟ್ಟ ಎಷ್ಟ ಅದ?’

‘ಎರಡ ಸೇರ ಇರ್ಬೇಕು.’

‘ಎರಡ ಸೇರಿಂದ ಬಡಿ. ಉಳದದ್ದು ನಾಳಿ ನೋಡೋಣು.’

ಇಷ್ಟೇ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ‘ಸುರಿದು ಬಾ’ ಎಂದು ತಿರುಗಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಪರಂಪರೆ ಇದು ಎಂದು ನಾನು ಕಟ್ಟಿಯಲ್ಲಿ ವಿವರಿಸಿದೆ. ಆಯಿ ಕೇಳಿಸಿಕೊಳ್ಳಲಿಲ್ಲ, ಒಲೆಗೆ ಕಟ್ಟಿಗೆ ಹಾಕುತ್ತಿದ್ದಳು. ಒಳಗಿಂದ ಪಟಪಟ ಸಪ್ಪಳ ಬಂತು. ಕುದಿನೀರಿನಲ್ಲಿ ನಾದಿದ ಹಿಟ್ಟು, ಕೈಗೆ ಹತ್ತದಂತೆ ಒಣಹಿಟ್ಟು, ಬಡಿದಂತೆ ಬಡಿದಂತೆ ಅಗಲಾಗುವ ಚಂದ್ರ. ಹಂಚಿಗೆ ಬಿದ್ದ ರೊಟ್ಟಿಯ ಮೇಲೆ ಒದ್ದೆ ಬಟ್ಟೆ ಎಳೆದಾಗ ಆಕೆಯ ಮುಖದಲ್ಲಿ ಜಿಎಸ್‌ಟಿ ಇರಲಿಲ್ಲ.

ಆ ದಿನ ಮೂವತ್ತು ರೊಟ್ಟಿಯಾದವು. ಬೋಣಿ ಮಾಡಿದವನು ಉಮರ್ಗಾ ಕಡೆ ಹೊರಟಿದ್ದ ಟ್ರಾಕ್ಸ್ ಡ್ರೈವರ್. ಹತ್ತು ಕಟ್ಟಿಸಿಕೊಂಡು ರೊಕ್ಕ ಎಣಿಸಿ ಕೊಟ್ಟ. ಹೆಸರು ಕೇಳಲಿಲ್ಲ, ಲೋಗೋ ಕೇಳಲಿಲ್ಲ, ಹಿಂಡಿ ತುಸು ಹೆಚ್ಚು ಹಾಕು ಅಂದ. ಹನ್ನೆರಡು ಓಣಿಯಲ್ಲಿ ಹೋದವು. ಉಳಿದ ಎಂಟು ಉದ್ರಿ.

ಉದ್ರಿ ಬರೆಯಲು ವಹಿ ಬೇಕಲ್ಲ. ಆಕೆ ಆ ನೋಟ್‌ಬುಕ್ಕನ್ನೇ ತಿರುವಿ, ಹಿಂದಿನ ಪುಟದಿಂದ ಸುರು ಮಾಡಿದಳು. ಮೊದಲ ಹೆಸರು ಪ್ರಬಂಧಕಾರನದು: ಎಂಟು ರೊಟ್ಟಿ, 80 ರೂಪಾಯಿ. ಈ ಸಾಲಿನ ಅರ್ಥದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದು ಮಾರ್ಗದರ್ಶನದ ದಕ್ಷಿಣೆ ಎಂಬುದು ನನ್ನ ಪಾಠ. ಆಯಿಯದು ಪಾಠಾಂತರ, ಅದನ್ನು ಆಕೆ ದಿನಾ ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ಬಂದು, ಓಣಿಗೆಲ್ಲ ಕೇಳುವ ಹಾಗೆ ಓದುತ್ತಿದ್ದಾಳೆ.