ಕೆರೆಗಳ ಕ್ರೀಡಾಕೂಟ

ಬೆಂಗಳೂರಿನ ಕೆರೆಗಳು ಸತ್ತವೆಂದು ಗೋಳಾಡುವವರು ಕಣ್ಣೀರು ಒರೆಸಿಕೊಳ್ಳಲಿ. ಅವು ಸತ್ತಿಲ್ಲ, ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿವೆ.

ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ ಓಟಕ್ಕಿಳಿಯಿತು. ಶೂಲೆ ಕೆರೆ ಫುಟ್‌ಬಾಲ್ ಆರಿಸಿಕೊಂಡಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟಿಕ್ ಹಿಡಿಯಿತು. ಚಲ್ಲಘಟ್ಟದ ಕೆರೆ ಅನುಕೂಲಸ್ಥರ ಪೈಕಿ, ಗಾಲ್ಫ್‌ಗೆ ಹೋಯಿತು. ಆಟ ಬಾರದ ಕೋರಮಂಗಲದ ಕೆರೆ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರಿಗೆ ವಸತಿ ಒದಗಿಸಿತು. ಧರ್ಮಾಂಬುಧಿಗೆ ಆಟವೇ ಒಗ್ಗಲಿಲ್ಲ. ಸಾರಿಗೆ ಇಲಾಖೆಗೆ ಸೇರಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿಯ ಒಂದು ಚೂರನ್ನು ಮಾತ್ರ ಕಟ್ಟೆ ಕಟ್ಟಿ ಉಳಿಸಿದ್ದಾರೆ. ಕರಗಕ್ಕೆ ಟ್ಯಾಂಕರ್ ನೀರು ಆಗಿಬರುವುದಿಲ್ಲವಲ್ಲ!

ಬೆಳ್ಳಂದೂರು ಕೆರೆ ಇನ್ನೂ ಕೆಲಸ ಸಿಗದ ಪ್ರತಿಭಾವಂತ. ನೊರೆ ಉಕ್ಕಿಸಿ ರಸ್ತೆಗೆ ಹಾರಿಸುತ್ತದೆ. 2017ರಲ್ಲಿ ಬೆಂಕಿ ಹೊತ್ತಿಸಿಕೊಂಡೂ ತೋರಿಸಿತು. ಅದರ ಆಸುಪಾಸಿನ ಅಪಾರ್ಟ್‌ಮೆಂಟ್‌ಗಳ ಬ್ರೋಷರ್ ನೋಡಿ: ಪುಟದ ತುಂಬ ನೀಲಿ ನೀರು, ಎರಡು ಕೊಕ್ಕರೆ, ಜಾಗಿಂಗ್ ಮಾಡುವ ದಂಪತಿ. ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರ: ‘ಚಿತ್ರ ಕಾಲ್ಪನಿಕ’. ಕಾಲ್ಪನಿಕ ಕೆರೆ ಕಾಣುವ ಬಾಲ್ಕನಿಗೆ ಅಸಲಿ ರೊಕ್ಕ ಜಾಸ್ತಿ.

ಇಷ್ಟೆಲ್ಲ ಆಟಗಳ ನಡುವೆ ಈಜಿಗೊಂದು ಜಾಗವಿಲ್ಲ ಎಂಬ ಕೊರತೆಯನ್ನು ಮಳೆರಾಯ ನೀಗಿಸಿದ. 2022ರ ಸೆಪ್ಟೆಂಬರಿನಲ್ಲಿ ಐಟಿ ಕಂಪನಿಗಳವರು ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು ಆಫೀಸಿಗೆ ಹೊರಟರು. ಕೋಟಿ ಕೋಟಿ ಬಾಳುವ ವಿಲ್ಲಾಗಳ ಬಾಗಿಲಿಗೆ ದೋಣಿ ಬಂತು. ಸರ್ವೆಯವರು ವರ್ಷಗಟ್ಟಲೆ ಸರಪಳಿ ಎಳೆದರೂ ಸಿಗದ ರಾಜಕಾಲುವೆಯನ್ನು ಮಳೆ ರಾತ್ರೋರಾತ್ರಿ ಗುರುತಿಸಿಕೊಟ್ಟಿತು. ಕಾಫಿ ಖರ್ಚಿಗೂ ಕೈಯೊಡ್ಡಲಿಲ್ಲ.

ಮುಂದಿನ ಬೆಂಗಳೂರು ಇನ್ನೂ ಸೊಗಸು. ಅಂಡರ್‌ಪಾಸಿನ ನೀರು ಬಸಿಯಲಾಗದ ಊರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ತೋಡುವ ಯೋಜನೆಯಿದೆ. ಆ ತುದಿಗೆ ಹೆಬ್ಬಾಳ ಕೆರೆ, ಈ ತುದಿಗೆ ಮಡಿವಾಳ ಕೆರೆ. ನೀರಿಗೂ ಟ್ರಾಫಿಕ್ ಕಾಟ ತಪ್ಪಿದಂತಾಯಿತು. ಸಾಲದ್ದಕ್ಕೆ 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಮೊದಲು ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎನ್ನಲು ಒಂದೇ ಕಚೇರಿಯಿತ್ತು. ಈಗ ಐದು ಕಡೆ ಟೋಕನ್ ಪಡೆದು ಅದೇ ಉತ್ತರ ಕೇಳಬಹುದು.

ನನ್ನದೊಂದು ವಿನಂತಿ. ಮಳೆನೀರಿನ ಅರ್ಜಿಯನ್ನೂ ಅಕ್ರಮ-ಸಕ್ರಮದಲ್ಲಿ ತೆಗೆದುಕೊಳ್ಳಿ. ಅರ್ಹತೆಗೆ ಕೊರತೆಯಿಲ್ಲ: ಕೆರೆಯಂಗಳದಲ್ಲೇ ಬಿಡಾರ ಹೂಡುತ್ತದೆ, ಯಾವ ಪರವಾನಗಿಯೂ ಇಲ್ಲ, ನೋಟಿಸ್ ಕೊಟ್ಟರೂ ಕದಲುವುದಿಲ್ಲ, ತಲೆತಲಾಂತರದಿಂದ ಅನುಭೋಗದಲ್ಲಿದೆ. ಇದಕ್ಕಿಂತ ಹೆಚ್ಚಿನ ದಾಖಲೆ ಬಿಲ್ಡರುಗಳಲ್ಲಿ ಯಾರು ಕೊಟ್ಟಿದ್ದಾರೆ?